ಹತ್ತು ಅಂಕದ ಪ್ರಶ್ನೆ

ಪ್ರಶ್ನೆ ಮೂವತ್ತೆಂಟು:
ಭೌಗೋಳಿಕ ಅನ್ವೇಷಣೆಗಳ ಕಾರಣ ಮತ್ತು ಪರಿಣಾಮಗಳನ್ನು ವಿವರಿಸಿ.

ಏಪ್ರಿಲ್ ಮಧ್ಯಾಹ್ನ. ಮೈಸೂರು, ಮೌಲ್ಯಮಾಪನ ಕೇಂದ್ರ,
ಕೊಠಡಿ ಹನ್ನೊಂದರಲ್ಲಿ ಕರೆಂಟು ಹೋಗಿದೆ.
ಬೆಳಗಿನಿಂದ ಇಪ್ಪತ್ತೆರಡು ಸಲ
ಕಾನ್‌ಸ್ಟಾಂಟಿನೋಪಲ್ ಬಿದ್ದಿದೆ ನನ್ನ ಮೇಜಿನ ಮೇಲೆ,
ಇಪ್ಪತ್ತೆರಡು ಸಲವೂ ೧೪೫೩ರಲ್ಲೇ,
ಒಂದೇ ಗೈಡಿನ ಒಂದೇ ವಾಕ್ಯದಲ್ಲಿ:
ಟರ್ಕರು ಬಂದರು, ದಾರಿ ಮುಚ್ಚಿತು, ಯುರೋಪಿಗೆ ಮೆಣಸು ಬೇಕಿತ್ತು.
ಕೆಂಪು ಶಾಯಿಯ ಸರಿ ಗುರುತು. ಮುಂದೆ.

ಇಪ್ಪತ್ತಮೂರನೆಯದರಲ್ಲಿ ಅಕ್ಷರ ವಾಲಿದೆ
ಕಬ್ಬಿನ ಹೊರೆ ಒಂದು ಕಡೆ ಜಾರಿದ ಗಾಡಿಯ ಹಾಗೆ.
ಬರೆದಿದ್ದಾಳೆ
(ಹುಡುಗಿಯೆಂದು ಹೇಗೆ ಗೊತ್ತು? ಗೊತ್ತಿಲ್ಲ.
ಇಲ್ಲಿ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ):

"ಅವರು ಮೆಣಸು ಹುಡುಕಿಕೊಂಡು ಹೊರಟರು,
ಎಲ್ಲಿಗೋ ಹೋಗಿ ಮೆಣಸಿನಕಾಯಿ ತಂದರು.
ಅವರು ದಾರಿ ತಪ್ಪಿದ್ದರಿಂದ ನಮ್ಮ ಸಾರಿಗೆ ಕೆಂಪು ಬಂತು.
ಇದು ಮೊದಲ ಪರಿಣಾಮ.

ಎರಡನೆಯದು ಸಕ್ಕರೆ.
ನಮ್ಮ ತಾತ ಮಂಡ್ಯದ ಕಾರ್ಖಾನೆಯಲ್ಲಿ ಪಾಕ ಕಾಯುತ್ತಿದ್ದರು.
ಬಿಳುಪು ಸಕ್ಕರೇದಲ್ಲ ಕಣವ್ವ, ಗಂಧಕದ ಹೊಗೇದು, ಅನ್ನುತ್ತಿದ್ದರು.
ಆ ದ್ವೀಪಗಳಲ್ಲಿ ಒಲೆಯ ಮುಂದೆ ನಿಲ್ಲಲು
ಮನುಷ್ಯರನ್ನೇ ಹಡಗಲ್ಲಿ ತುಂಬಿ ತಂದರು,
ಮೂಟೆ ಲೆಕ್ಕದಲ್ಲಿ ಬರೆದುಕೊಂಡರು.
ಅತ್ತ ಅವರ ಊರಲ್ಲಿ ಟೀ ಸಿಹಿಯಾಯಿತು.
ಟೀ ಕುಡಿಯುತ್ತ ಜನ ಸಂಜೆಯೆಲ್ಲ
ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು.
ಅದೂ ಪರಿಣಾಮವೇ.

ಮೂರನೆಯದು ಧರ್ಮ.
ಮೊದಲು ಕಾಸು ಕೊಟ್ಟರೆ ಪಾಪಕ್ಕೆ ರಸೀದಿ ಕೊಡುತ್ತಿದ್ದರು.
ಒಬ್ಬರು ಬಾಗಿಲಿಗೆ ಕಾಗದ ಅಂಟಿಸಿ, ಬೇಡ ಅಂದರು.
ಆಮೇಲೆ ದುಡಿಮೆಯೇ ಪೂಜೆ ಆಯಿತು, ಉಳಿತಾಯ ಪುಣ್ಯ,
ಬಡ್ಡಿ ತಗೊಳ್ಳೋದು ಪಾಪ ಅಂತಿದ್ದದ್ದು
ಬಡ್ಡಿ ಕಟ್ಟದಿರೋದು ಪಾಪ ಅಂತಾಯಿತು.
ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಬೀದಿಯ ಸಂಘದಲ್ಲಿ
ಅಮ್ಮ, ನಿಂಗಾಜಮ್ಮತ್ತೆ, ಸಬೀಹಾಂಟಿ ಎಲ್ಲರೂ
ಕೈ ಮುಂದೆ ಚಾಚಿ ಪ್ರತಿಜ್ಞೆ ಹೇಳುತ್ತಾರೆ:
ಕಂತು ತಪ್ಪಿಸುವುದಿಲ್ಲ, ಕಂತು ತಪ್ಪಿಸುವುದಿಲ್ಲ.
ಆಫೀಸಿನವನು ಕಣ್ಣು ಮುಚ್ಚಿ ಕೇಳುತ್ತಾನೆ.
ಮತಸುಧಾರಣೆ ಅಂದರೆ ಹೀಗೇ ಇದ್ದಿರಬೇಕು
ಎಂದು ನನ್ನ ಅನಿಸಿಕೆ."

ಹಾಳೆ ಅಲ್ಲಿಗೆ ಮುಗಿದಿದೆ. ಹೆಚ್ಚುವರಿ ಹಾಳೆ ಕೇಳಿಲ್ಲ.

ಮಾದರಿ ಉತ್ತರದಲ್ಲಿ ಹತ್ತು ಅಂಶ,
ಅಂಶಕ್ಕೊಂದು ಅಂಕ: ದಿಕ್ಸೂಚಿ, ಭೂಪಟ, ರಾಜರ ಪ್ರೋತ್ಸಾಹ...
ಅನಿಸಿಕೆ ಅದರಲ್ಲಿಲ್ಲ.

ಪಕ್ಕದ ಮೇಜಿನ ಅಂತೋಣಪ್ಪನವರಿಗೆ ತೋರಿಸಿದೆ.
ರಸೀದಿಯ ಸಾಲಿಗೆ ನಕ್ಕರು, ಸ್ವಲ್ಪ ಹೊತ್ತು ಸುಮ್ಮನಾದರು.
ಕಿಟಕಿಯಾಚೆ ಫಿಲೋಮಿನಾ ಚರ್ಚಿನ ಎರಡು ಗೋಪುರ
ಬಿಸಿಲಲ್ಲಿ ಒಂದನ್ನೊಂದು ಅಳೆಯುತ್ತಿದ್ದವು.
"ನಮ್ಮಜ್ಜಿ ಚೀಟಿ ದುಡ್ಡು, ಕಾಣಿಕೆ ದುಡ್ಡು
ಒಂದೇ ಗಂಟಲ್ಲಿ ಕಟ್ಟಿಡೋರು" ಅಂದರು,
"ಯಾವುದು ಯಾರದ್ದು ಅಂತ ಅವರಿಗೇ ಗೊತ್ತಾಗ್ತಿರ್ಲಿಲ್ಲ."

ಪುಟ್ಟಮಾದಯ್ಯನವರು ಕನ್ನಡಕ ಏರಿಸಿದರು:
"ಇಸವಿನೇ ಇಲ್ವಲ್ಲ ಮೇಡಂ, ಒಬ್ಬ ನಾವಿಕನ ಹೆಸರಿಲ್ಲ.
ನಾಕ್ ಹಾಕಿ ಮುಂದಕ್ಕೋಗಿ, ಇನ್ನೂ ಎರಡು ಬಂಡ್ಲು ಅದೆ."

ನಾಲ್ಕು ಹಾಕಿದೆ.

ಇಪ್ಪತ್ತೇಳು ವರ್ಷ ಸೀಮೆಸುಣ್ಣ ಹಿಡಿದ ಕೈ.
ಯಾವ ಸೀಮೆ ಎಂದು
ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿಯವನು
ಪರಂಗಿ ಹಣ್ಣು ಸೀಳಿ, ಉಪ್ಪು ಖಾರ ಸವರಿ ಕೊಟ್ಟ.
ಪರಂಗಿಯವರ ಹಣ್ಣು, ಪರಂಗಿಯವರ ಖಾರ,
ಉಪ್ಪು ಮಾತ್ರ ಎಲ್ಲಿಯದೋ.
ಹದಿನೈದು ರೂಪಾಯಿ. ಚಿಲ್ಲರೆ ಇಲ್ಲವೆಂದು
ಮಿಕ್ಕ ಐದಕ್ಕೆ ಇನ್ನೊಂದು ಚಿಕ್ಕ ಹೋಳು.

ನಾಲಗೆ ಉರಿಯಿತು. ಐದು ಹಾಕಬಹುದಿತ್ತು.
ಬಂಡಲಿಗೆ ಅರಗು ಬಿದ್ದಾಗಿದೆ.

ಇವತ್ತು ಗುರುವಾರವೆಂದು
ಬಸ್ಸು ಹತ್ತುವಾಗ ನೆನಪಾಯಿತು.